ಕೆಸಲೂರಿನ ಕಣ್ಣು

ಮಲೆನಾಡಿನ ಹಳೆಯ ಮನೆಗಳ ಜಗಲಿಯಲ್ಲಿ ಕುಳಿತರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಫೋಟೋಗಳು. ಕರಿಕೋಟು ತೊಟ್ಟು, ಮಂಡಿಯ ಮೇಲೆ ಕೈಯಿಟ್ಟು, ಉಸಿರು ಬಿಗಿಹಿಡಿದು ಕುಳಿತ ಅಜ್ಜ. ಪಕ್ಕದಲ್ಲಿ ನಿಂತ ಅಜ್ಜಿ. ಇಬ್ಬರ ಮುಖದಲ್ಲೂ ನಗುವಿಲ್ಲ. ಪೇಟೆಯಿಂದ ಬಂದ ಸ್ಟುಡಿಯೋದವನು ಕರಿಬಟ್ಟೆಯೊಳಗೆ ತಲೆ ಹುದುಗಿಸಿ ‘ಅಲುಗಾಡಬೇಡಿ’ ಎಂದಿದ್ದನಂತೆ. ಅವರು ಅಲುಗಾಡಲಿಲ್ಲ. ಇವತ್ತಿಗೂ ಅಲುಗಾಡಿಲ್ಲ.

ನಮ್ಮ ಮನೆಯಲ್ಲೂ ಅಂಥ ಮೂರು ಫೋಟೋಗಳಿವೆ. 2025ರ ಬೇಸಿಗೆಯಲ್ಲಿ, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ ಕುಳಿತಿದ್ದ ಮಗಳು ಅವನ್ನೇ ನೋಡುತ್ತ, ‘ಅಪ್ಪಾ, ಇವರು ಸ್ವಲ್ಪ ಅಲುಗಾಡಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಅಲ್ವಾ?’ ಎಂದಳು. ನಾನು ನಕ್ಕು ಸುಮ್ಮನಾದೆ. ಅದು ಪೀಠಿಕೆ ಎಂದು ಗೊತ್ತಾದದ್ದು ಎರಡು ದಿನ ಬಿಟ್ಟು. ಊಟಕ್ಕೆ ಕುಳಿತಾಗ ಅವಳು ಹೇಳಿದಳು: ‘ನಾನು ಎಂಜಿನಿಯರಿಂಗ್‌ಗೆ ಹೋಗಲ್ಲ. ಫೋಟೋ ತೆಗೆದದ್ದು ಸಾಕು, ಇನ್ನು ಸಿನಿಮಾ ಮಾಡೋದನ್ನ ಕಲೀತೀನಿ.’

ಅವಳ ಹತ್ತಿರ ಒಂದು ಹಳೆಯ ಕ್ಯಾಮೆರಾ ಇತ್ತು, ಯಾರೋ ಉಪಯೋಗಿಸಿ ಮಾರಿದ್ದು. ಅದನ್ನು ಹೆಗಲಿಗೆ ಹಾಕಿಕೊಂಡು ರಜೆಯಲ್ಲೆಲ್ಲ ಶರಾವತಿ ಹಿನ್ನೀರಿನ ದಡ ಸುತ್ತುತ್ತಿದ್ದಳು. ಸಿಗಂದೂರಿಗೆ ಹೋಗುವ ಲಾಂಚಿನಲ್ಲಿ ಬಸ್ಸು, ಜೀಪು, ಹಾಲಿನ ಕ್ಯಾನು, ಪರೀಕ್ಷೆಗೆ ಹೊರಟ ಹುಡುಗರು ಒಟ್ಟಿಗೇ ನೀರು ದಾಟುವುದನ್ನು ನೂರಾರು ಚಿತ್ರಗಳಲ್ಲಿ ಹಿಡಿದಿದ್ದಳು. ‘ಸೇತುವೆ ಮುಗಿಯೋದ್ರೊಳಗೆ ತೆಗೀಬೇಕು’ ಎಂಬ ಅವಸರ ಅವಳದು. ಅವಳ ಲೆಕ್ಕ ತಪ್ಪಲಿಲ್ಲ. ಅದೇ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು.

ಸುದ್ದಿ ತಿಳಿದು ತೀರ್ಥಹಳ್ಳಿಯಿಂದ ನನ್ನ ಹೆಂಡತಿಯ ಅಣ್ಣ ಬಂದರು. ಒಳ್ಳೆಯ ಮನುಷ್ಯ, ಸೊಸೆಯ ಮೇಲೆ ಪ್ರಾಣ. ಕಾಫಿ ಲೋಟ ಕೆಳಗಿಡುತ್ತ, ‘ಭಾವಾ, ಫೋಟೋ ತೆಗೆಯೋದು ಹವ್ಯಾಸ, ಹೊಟ್ಟೆಪಾಡಲ್ಲ. ಮದುವೆ ಮನೇಲಿ ಕ್ಯಾಮೆರಾ ಹಿಡ್ಕೊಂಡು ಓಡಾಡೋಕೆ ಇಷ್ಟು ಮಾರ್ಕ್ಸ್ ತೆಗೀಬೇಕಿತ್ತಾ?’ ಎಂದರು. ನಾನು ಹೈಸ್ಕೂಲು ಮೇಷ್ಟರು. ‘ಮಕ್ಕಳ ಆಸಕ್ತಿ ನೋಡಿ ಮುಂದಕ್ಕೆ ಓದಿಸಿ’ ಎಂದು ಎಷ್ಟೋ ತಂದೆ ತಾಯಿಯರಿಗೆ ಹೇಳಿದ್ದೇನೆ. ಆ ಮಾತು ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಾಗ ಅದರ ತೂಕವೇ ಬೇರೆ ಅನ್ನಿಸಿತು.

ಫೋಟೋ ತೆಗೆಯುವವರು ಸಿನಿಮಾ ಮಾಡಿದ್ದುಂಟೆ? ಉಂಟು, ಧಾರಾಳವಾಗಿ ಉಂಟು. ಫ್ರಾನ್ಸಿನ ಆನ್ಯೆಸ್ ವಾರ್ದಾ ನಾಟಕ ಕಂಪನಿಯೊಂದಕ್ಕೆ ಫೋಟೋ ತೆಗೆಯುತ್ತಿದ್ದ ಹೆಣ್ಣುಮಗಳು. ತಾನು ಹರೆಯ ಕಳೆದ ಸೆತ್ ಎಂಬ ಬಂದರಿನ ಮೀನುಗಾರರ ಕೇರಿಗೆ ಹೋಗಿ ತನ್ನ ಮೊದಲ ಚಿತ್ರ ಮಾಡಿದಳು. ಅದು ತೆರೆಗೆ ಬಂದದ್ದು 1955ರಲ್ಲಿ. ಅದೇ ವರ್ಷ ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಬಂತು. ಅದರ ಛಾಯಾಗ್ರಾಹಕ ಸುಬ್ರತ ಮಿತ್ರ ಕೆಲಸಕ್ಕೆ ಕೈಹಾಕಿದಾಗ ಇಪ್ಪತ್ತೊಂದರ ಹುಡುಗ. ಅದುವರೆಗೆ ಹಿಡಿದದ್ದು ಫೋಟೋ ತೆಗೆಯುವ ಕ್ಯಾಮೆರಾ ಮಾತ್ರ. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಗೋವಿಂದ ನಿಹಲಾನಿ ಮುಂದೆ ‘ಆಕ್ರೋಶ್’, ‘ಅರ್ಧ ಸತ್ಯ’ ಚಿತ್ರಗಳ ನಿರ್ದೇಶಕರಾದರು.

ನಮ್ಮ ಸೀಮೆಗೇ ಬರೋಣ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯವರಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ಚಿತ್ರ ಮಾಡಿದಾಗ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸಾಕ್ಷ್ಯಚಿತ್ರಗಳಲ್ಲಿ ಪಳಗಿ ಬಂದ ಕೈ. ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರೀಕರಣ ನಡೆಯಿತು. ಕನ್ನಡ ಬಾರದ ಆತ ಕಪ್ಪು ಬಿಳುಪಿನಲ್ಲಿ ಅಗ್ರಹಾರದ ಮಾಡು, ಜಗಲಿ, ಮುಖಗಳನ್ನು ಸುದ್ದಿ ವರದಿ ಮಾಡಿದಷ್ಟೇ ನೇರವಾಗಿ ಹಿಡಿದರು. 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಿಕ್ಕಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು. ಕೋವನ್ ಮುಂದೆ ತಮ್ಮ ದೇಶದಲ್ಲಿ ತಾವೇ ಚಿತ್ರಗಳನ್ನು ನಿರ್ದೇಶಿಸಿದರು.

ಇಷ್ಟೆಲ್ಲ ಹೇಳಿದರೂ ಭಾವ ಒಪ್ಪಲಿಲ್ಲ. ‘ಫ್ರಾನ್ಸು, ಆಸ್ಟ್ರೇಲಿಯಾ ಬಿಡಿ. ನಮ್ಮ ಹಾಗೆ ಗದ್ದೆ ತೋಟ ನೋಡ್ಕೊಂಡಿರೋ ಮನೆಯಿಂದ ಯಾರು ಹೋಗಿದ್ದಾರೆ ಹೇಳಿ’ ಎಂದರು. ಆಗ ನಾನು ಅವರ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿಯವರ ಹೆಸರು ಹೇಳಿದೆ. ಅವರು ಫೋಟೋಗ್ರಾಫರ್ ಆಗಿದ್ದವರಲ್ಲ. ಆದರೆ ನನ್ನ ಮಗಳ ಪ್ರಶ್ನೆಗೆ ಉತ್ತರ ಇರುವುದು ಅವರ ದಾರಿಯಲ್ಲೇ ಎಂದು ನನಗನ್ನಿಸಿತ್ತು.

ಕಾಸರವಳ್ಳಿಯವರು ಹುಟ್ಟಿದ್ದು 1950ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ. ತಂದೆ ಗಣೇಶರಾಯರು ಸ್ವಾತಂತ್ರ್ಯ ಹೋರಾಟದಲ್ಲಿದ್ದವರು, ಯಕ್ಷಗಾನದ ಪೋಷಕರು, ಮಗನಿಗೆ ಪುಸ್ತಕದ ರುಚಿ ಹತ್ತಿಸಿದವರು. ಆಗೊಮ್ಮೆ ಈಗೊಮ್ಮೆ ಊರಿಗೆ ಬರುವ ಟೂರಿಂಗ್ ಟಾಕೀಸೇ ಹುಡುಗನಿಗೆ ಸಿನಿಮಾ. ಕೆಸಲೂರು, ಕಮ್ಮರಡಿಗಳಲ್ಲಿ ಶಾಲೆ, ಶಿವಮೊಗ್ಗದಲ್ಲಿ ಕಾಲೇಜು. ಆಮೇಲೆ ಮಣಿಪಾಲದಲ್ಲಿ ಬಿ.ಫಾರ್ಮಾ. ತಂದೆ ತಾಯಿ ನೆಮ್ಮದಿಯಿಂದ ನಿದ್ದೆ ಮಾಡಬಹುದಾದ ಓದು. ತರಬೇತಿಗೆಂದು ಹೈದರಾಬಾದಿಗೂ ಹೋದರು. ಆದರೆ ಮನಸ್ಸು ಔಷಧದ ಸೀಸೆಗಳ ನಡುವೆ ನಿಲ್ಲಲಿಲ್ಲ. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. ಚಿನ್ನದ ಪದಕದೊಂದಿಗೆ ಹೊರಬಂದರು. ಅಲ್ಲಿ ಮಾಡಿದ ‘ಅವಶೇಷ್’ ಎಂಬ ಕಿರುಚಿತ್ರಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಅವರ ಸೋದರಮಾವ ಯಾರು ಗೊತ್ತೆ? ಸಾಗರ ತಾಲ್ಲೂಕು ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ. 1949ರಲ್ಲಿ ಹುಟ್ಟಿದ ನೀನಾಸಮ್‌ನ ಹೆಸರು ಕೇಳದವರು ಈ ಕಡೆ ಇಲ್ಲ. ನಾಟಕದ ಜೊತೆಗೆ ಸುಬ್ಬಣ್ಣ 1973ರಲ್ಲಿ ಅಲ್ಲಿ ಚಿತ್ರಸಮಾಜವನ್ನೂ ಕಟ್ಟಿದರು. ಅಡಿಕೆ ಸುಲಿದು ಬಂದ ಕೈಗಳು ಹೆಗ್ಗೋಡಿನ ರಂಗಮಂದಿರದಲ್ಲಿ ಕುಳಿತು ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಶೋಮನ್’ ನೋಡಿದವು. ಪುಣೆಯಿಂದ ಸತೀಶ್ ಬಹಾದೂರ್ ಬಂದು ಹಳ್ಳಿಯವರಿಗೆ ಸಿನಿಮಾ ರಸಗ್ರಹಣದ ಪಾಠ ಮಾಡಿದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಚಿತ್ರಗಳನ್ನು ಒದಗಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾದೀತೆ ಎಂದು ಕೇಳಿದವರಿಗೆ ಅರ್ಥವಾಗುತ್ತದೆ ಎಂಬುದನ್ನು ಸುಬ್ಬಣ್ಣ ಮಾಡಿ ತೋರಿಸಿದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು.

ನಾನು ಕಾಲೇಜಿನಲ್ಲಿದ್ದಾಗ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡಿದೆ. 1977ರ ಚಿತ್ರ. ಅದೂ ಅನಂತಮೂರ್ತಿಯವರ ಕಥೆ. ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಇದನ್ನೆಲ್ಲ ನಾವು ಕಾಣುವುದು ವೇದ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಅವನಿಗೆ ಎಲ್ಲವೂ ಅರ್ಥವಾಗುವುದಿಲ್ಲ. ಆದರೆ ಅವನು ಕಣ್ಣು ತೆಗೆಯುವುದಿಲ್ಲ. ದೊಡ್ಡವರೆಲ್ಲ ತೀರ್ಪು ಕೊಡುವ ಅವಸರದಲ್ಲಿರುವಾಗ, ಆ ಹುಡುಗ ಮಾತ್ರ ನೋಡುತ್ತಿರುತ್ತಾನೆ. ಎಸ್. ರಾಮಚಂದ್ರ ಅವರ ಕ್ಯಾಮೆರಾವೂ ಹಾಗೆಯೇ ತಾಳ್ಮೆಯಿಂದ ಕಾಯುತ್ತದೆ. ಆ ಚಿತ್ರಕ್ಕೆ ಸ್ವರ್ಣಕಮಲ ಬಂದಾಗ ನಿರ್ದೇಶಕರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅದು ಹಳತಾಗಿ ಮೂಲೆ ಸೇರಲಿಲ್ಲ. ಜೀರ್ಣೋದ್ಧಾರಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಆಮೇಲೆ ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಚಿತ್ರಗಳಿಗೂ ಸ್ವರ್ಣಕಮಲ ಬಂತು. ಇವುಗಳಲ್ಲಿ ‘ದ್ವೀಪ’ದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದು ನಮ್ಮ ಮನೆಯ ಕಥೆಯೂ ಹೌದು.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕಿನಲ್ಲಿ ಹರಿದು, ಸಾಗರ ತಾಲ್ಲೂಕಿನಲ್ಲಿ ಜೋಗವಾಗಿ ಧುಮುಕುತ್ತದೆ. ಒಂದೇ ಹೊಳೆ ಮೂರು ತಾಲ್ಲೂಕುಗಳನ್ನು ಪೋಣಿಸಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರು, ಗದ್ದೆ, ತೋಟಗಳು ನೀರಿನಡಿ ಸೇರಿದವು. ನಾಡಿಗೆ ಬೆಳಕು ಬಂತು. ಅದಕ್ಕಿಂತ ಮುಂಚೆ, 1940ರ ದಶಕದಲ್ಲಿ ಕಟ್ಟಿದ್ದ ಮಡೆನೂರು ಅಣೆಕಟ್ಟೇ ಈ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ತಲೆಯೆತ್ತುವುದನ್ನು ನೋಡಲು ಜನ ಹೋಗುತ್ತಾರೆ.

ಈ ಮುಳುಗಡೆಯ ನೋವನ್ನು ಹತ್ತಿರದಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಕೆಲಸದಲ್ಲೇ ನೌಕರರಾಗಿದ್ದವರು. ಕಚೇರಿಯ ಕಡತದಲ್ಲಿ ಬರೀ ಅಂಕಿಯಾಗಿದ್ದ ಕುಟುಂಬಗಳು ಅವರ ಕಥೆಗಳಲ್ಲಿ ಮನುಷ್ಯರಾದವು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮುಳುಗಡೆಯ ಜನ ತಮ್ಮ ಮನೆಯ ಹಿರಿಯರೊಬ್ಬರನ್ನು ಕಳೆದುಕೊಂಡಂತೆ ಮಾತಾಡಿದರು. ಅವರ ‘ದ್ವೀಪ’ ಕಾದಂಬರಿಯನ್ನೇ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದದ್ದು. ನಟಿ ಸೌಂದರ್ಯ ಅದನ್ನು ನಿರ್ಮಿಸಿ ನಾಗಿಯ ಪಾತ್ರವನ್ನೂ ಮಾಡಿದರು. ಮಳೆ, ಮಂಜು, ಏರುವ ನೀರನ್ನು ಹಿಡಿದ ಛಾಯಾಗ್ರಾಹಕ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ಭಾವ ಬಂದು ಹೋದ ವಾರ ಮಗಳು ತನ್ನ ಅಜ್ಜಿಯನ್ನು, ಅಂದರೆ ನನ್ನ ಅಮ್ಮನನ್ನು, ಪಕ್ಕದಲ್ಲಿ ಕೂರಿಸಿಕೊಂಡು ‘ದ್ವೀಪ’ ಹಾಕಿದಳು. ಅಮ್ಮನಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಬಂದ ಹೊಸತರಲ್ಲೇ ಮನೆ ಮುಳುಗಡೆಗೆ ಸೇರಿತು. ಆ ಕಾಲದ ವಿಷಯ ಅವಳು ನನ್ನ ಹತ್ತಿರವೂ ಹೆಚ್ಚಾಗಿ ಮಾತಾಡಿದವಳಲ್ಲ. ಚಿತ್ರ ಅರ್ಧ ಆಗುವ ತನಕ ಸುಮ್ಮನೆ ನೋಡಿದಳು. ಆಮೇಲೆ ನಿಧಾನವಾಗಿ ಅಂದಳು: ‘ಇವ್ರ ಮನೆಗೆ ಇನ್ನೂ ಬಾಗ್ಲು ಇದೆ ನೋಡು. ನಾವು ಬರೋವಾಗ ಬಾಗ್ಲು, ಕಿಟಕಿ, ತೊಲೆ ಎಲ್ಲ ಬಿಚ್ಕೊಂಡೇ ಬಂದ್ವಿ. ಕೊನೇ ರಾತ್ರೆ ಬಾಗ್ಲಿಲ್ಲದ ಮನೇಲಿ ಮಲಗಿದ್ವಿ.’

ನಾನು ಕುಳಿತಲ್ಲೇ ತಿರುಗಿ ನೋಡಿದೆ. ನಮ್ಮ ಈಗಿನ ಮನೆಯ ಮುಂಬಾಗಿಲು ಆ ಬಾಗಿಲೇ. ಗೋಡೆಗೆ ಹೆಚ್ಚು ಎತ್ತರವಾಯಿತೆಂದು ಕೆಳಗಡೆ ಒಂದು ಗೇಣು ಕುಯ್ದದ್ದು ಈಗಲೂ ಕಾಣುತ್ತದೆ. ದಿನಕ್ಕೆ ಇಪ್ಪತ್ತು ಸಲ ಅದನ್ನು ದಾಟುತ್ತೇನೆ. ಅದು ಒಂದು ರಾತ್ರಿಯ ಮಟ್ಟಿಗೆ ಯಾರ ಮನೆಗೂ ಬಾಗಿಲಾಗಿರಲಿಲ್ಲ ಎಂಬುದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಮಗಳು ಆ ಬಾಗಿಲಿನ ಫೋಟೋ ತೆಗೆದಳು. ಚಿಲಕ, ಕುಯ್ದ ಅಂಚು, ಅದರ ಮೇಲೆ ಅಜ್ಜಿಯ ಕೈ. ಚೆನ್ನಾಗಿಯೇ ಬಂದಿತ್ತು. ಆದರೆ ಅವಳಿಗೆ ಸಮಾಧಾನವಿಲ್ಲ. ‘ಅಪ್ಪಾ, ಇದ್ರಲ್ಲಿ ಬಾಗ್ಲು ಕಾಣತ್ತೆ, ಆ ರಾತ್ರೆ ಕಾಣಲ್ಲ’ ಎಂದಳು. ಅಂದು ನನಗೆ ಅವಳ ಹಂಬಲದ ಅರ್ಥವಾಯಿತು. ಫೋಟೋ ಒಂದು ಗಳಿಗೆಯನ್ನು ನಿಲ್ಲಿಸಿ ತೋರಿಸುತ್ತದೆ. ಅಮ್ಮ ಮಾತಿಗೆ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದಳು, ‘ಬಾಗ್ಲಿಲ್ಲದ ಮನೇಲಿ’ ಅನ್ನುವಾಗ ದನಿ ಹೇಗೆ ಇಳಿಯಿತು, ಆಮೇಲೆ ಸೆರಗಿನಿಂದ ಬಾಗಿಲಿನ ಧೂಳನ್ನು ಯಾಕೆ ಒರೆಸಿದಳು, ಇದಕ್ಕೆಲ್ಲ ಹರಿಯುವ ಕಾಲ ಬೇಕು. ವಾರ್ದಾ ಆಗಲಿ ಮಿತ್ರ ಆಗಲಿ ಫೋಟೋದಿಂದ ಸಿನಿಮಾದ ಕಡೆಗೆ ಹೊರಳಿದ್ದು ಇಂಥದೇ ಯಾವುದೋ ಒತ್ತಡಕ್ಕೆ ಇರಬೇಕು ಎಂದು ನನಗನ್ನಿಸುತ್ತದೆ.

ಕಾಸರವಳ್ಳಿಯವರಿಂದ ಕಲಿಯಬೇಕಾದದ್ದೂ ಇದನ್ನೇ ಎಂದು ನನ್ನ ತಿಳಿವಳಿಕೆ. ‘ದ್ವೀಪ’ದಲ್ಲಿ ನಾಗಿ ಮಳೆಯ ರಾತ್ರಿಯೆಲ್ಲ ಹೆಣಗಾಡಿ ಮನೆ ಉಳಿಸಿಕೊಳ್ಳುತ್ತಾಳೆ. ಬೆಳಗಾದ ಮೇಲೆ ಗಂಡ ಗಣಪ ಅದೆಲ್ಲ ದೇವರ ದಯೆ ಎನ್ನುತ್ತಾನೆ. ನಾಗಿ ಎದುರು ಮಾತಾಡುವುದಿಲ್ಲ. ಅವಳ ಮುಖದಲ್ಲಿ ಏನು ನಡೆಯಿತು ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಅಬ್ಬರದ ಸಂಗೀತವಿಲ್ಲ, ಭಾಷಣವಿಲ್ಲ. ಹೀಗೆ ಕಾಯಲು ಬಲ್ಲವನಿಗೆ ಕ್ಯಾಮೆರಾ ಆಮೇಲೆ ಸಿಕ್ಕರೂ ಆಗುತ್ತದೆ. ಕಾಯಲು ಬಾರದವನ ಕೈಗೆ ಎಂಥ ಬೆಲೆಯ ಕ್ಯಾಮೆರಾ ಕೊಟ್ಟರೂ ಅದು ಬರೀ ಯಂತ್ರ. ಬಿ.ಫಾರ್ಮಾ ಓದಿದ ಹುಡುಗ ಕೆಸಲೂರಿನಿಂದ ತೆಗೆದುಕೊಂಡು ಹೋದದ್ದು ಆ ಕಣ್ಣನ್ನು. ಪುಣೆ ಅದಕ್ಕೆ ಭಾಷೆ ಕಲಿಸಿತು.

ಮಗಳು ಎರಡು ತಿಂಗಳು ಅಜ್ಜಿಯ ಹಿಂದೆ ಮುಂದೆ ಓಡಾಡಿ ಒಂಬತ್ತು ನಿಮಿಷದ ಒಂದು ಚಿತ್ರ ಮಾಡಿದಳು. ಅದರಲ್ಲಿ ಬಾಗಿಲು ಇದೆ, ಅಮ್ಮ ಇದ್ದಾಳೆ, ಹಿನ್ನೀರು ಇದೆ. ಅಲ್ಲಲ್ಲಿ ಗಾಳಿಯ ಸದ್ದಿಗೆ ಮಾತು ಕೇಳುವುದಿಲ್ಲ. ಒಂದು ಕಡೆ ಕ್ಯಾಮೆರಾ ಅದುರಿದೆ. ಗಣಪತಿ ಹಬ್ಬಕ್ಕೆ ಬಂದ ಭಾವನಿಗೆ ತೋರಿಸಿದಳು. ಮುಗಿದ ಮೇಲೆ ಅವರು ಎದ್ದುಹೋಗಿ ಬಾಗಿಲಿನ ಕೆಳಗಿನ ಅಂಚು ಮುಟ್ಟಿ ನೋಡಿದರು. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಎಲೆಯಡಿಕೆ ಹಾಕಿಕೊಳ್ಳುವಾಗ, ‘ಪುಣೆಯಲ್ಲಿ ಊಟಕ್ಕೆ ಏನು ಮಾಡ್ತಾಳೆ ಮಾರಾಯ್ರೆ, ಅಲ್ಲಿ ನಮ್ಮ ಕಡೆ ಅಕ್ಕಿ ಸಿಗತ್ತೋ ಇಲ್ವೋ’ ಎಂದರು. ನನ್ನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಭಾವನ ಆತಂಕ ಹುರುಳಿಲ್ಲದ್ದೇನಲ್ಲ. ಕಾಸರವಳ್ಳಿಯವರು ‘ಘಟಶ್ರಾದ್ಧ’ದಿಂದ 2020ರವರೆಗೆ ಮಾಡಿದ ಕಥಾಚಿತ್ರಗಳು ಹದಿನೈದರ ಆಸುಪಾಸು. ಸರಾಸರಿ ಮೂರು ವರ್ಷಕ್ಕೊಂದು. ಇದು ಹಣ ಹರಿದುಬರುವ ದಾರಿಯಲ್ಲ ಎಂಬುದಕ್ಕೆ ಬೇರೆ ಲೆಕ್ಕ ಬೇಡ. ಅಂಥ ಹೆಸರು ಎಲ್ಲರಿಗೂ ಬರುವುದಿಲ್ಲ. ಹಾಗಾಗಿ ನಾವು ಮನೆಯವರೆಲ್ಲ ಕುಳಿತು ಒಂದು ಏರ್ಪಾಡಿಗೆ ಬಂದೆವು. ಪುಣೆಯ ಸಂಸ್ಥೆಯ ಸ್ನಾತಕೋತ್ತರ ಕೋರ್ಸುಗಳಿಗೆ ಯಾವುದಾದರೂ ಪದವಿ ಆಗಿರಬೇಕು, ಪ್ರವೇಶ ಪರೀಕ್ಷೆ ಬರೆಯಬೇಕು. ಆದ್ದರಿಂದ ಅವಳು ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಬಿ.ಎ. ಸೇರಿದ್ದಾಳೆ. ಓದಿನ ಜೊತೆಗೆ ವರ್ಷಕ್ಕೊಂದು ಕಿರುಚಿತ್ರ, ಅದೂ ಮನೆಯಿಂದ ಹತ್ತು ಮೈಲಿಯೊಳಗಿನ ವಿಷಯದ ಮೇಲೆ. ಮೂರು ವರ್ಷದ ನಂತರವೂ ಹಂಬಲ ಹೀಗೇ ಇದ್ದರೆ ಪರೀಕ್ಷೆ ಬರೆಯಲಿ. ಇಲ್ಲದಿದ್ದರೆ ಕೈಯಲ್ಲಿ ಪದವಿ ಇರುತ್ತದೆ, ಮನೆಯಲ್ಲಿ ಮೂರು ಚಿತ್ರಗಳಿರುತ್ತವೆ. ‘ಬೇಡ ಅಂದ ಹಾಗೂ ಆಗ್ಲಿಲ್ಲ, ಹೂಂ ಅಂದ ಹಾಗೂ ಆಗ್ಲಿಲ್ಲ’ ಎಂದು ಮಗಳು ಗೊಣಗಿದಳು. ಆದರೂ ಒಪ್ಪಿಕೊಂಡಳು.

ಇದನ್ನು ಓದುವ ತಂದೆ ತಾಯಿಯರಲ್ಲಿ ಒಂದು ಮಾತು. ನಿಮ್ಮ ಮಗನೋ ಮಗಳೋ ಕ್ಯಾಮೆರಾ ಬೇಕು ಎಂದರೆ ಕೂಡಲೇ ದುಡ್ಡಿನ ಲೆಕ್ಕಕ್ಕೆ ಹೋಗಬೇಡಿ. ಕೂಡಲೇ ಕೊಡಿಸಲೂ ಬೇಡಿ. ಈಗ ಎಲ್ಲರ ಜೇಬಿನಲ್ಲೂ ಇರುವ ಮೊಬೈಲಿನಲ್ಲೇ ತೆಗೆಯಲಿ. ಅವರು ತೆಗೆದ ಚಿತ್ರಗಳನ್ನು ಕುಳಿತು ನೋಡಿ. ಬರೀ ತಮ್ಮ ಮುಖವನ್ನೇ ತೆಗೆದುಕೊಂಡಿದ್ದಾರೋ, ಬೇರೆಯವರ ಮುಖವನ್ನೂ ನೋಡಿದ್ದಾರೋ ಎಂಬುದು ತಾನಾಗಿ ತಿಳಿಯುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪುಣೆ ಮೂರು ವರ್ಷ ಬಿಟ್ಟರೂ ಅಲ್ಲೇ ಇರುತ್ತದೆ. ನಿಮ್ಮ ಊರಿನ ಮುಳುಗಡೆಯ ಹಿರಿಯರು, ಹಳೆಯ ಲಾಂಚಿನಲ್ಲಿ ದುಡಿದವರು, ಯಕ್ಷಗಾನದ ವೇಷ ಕಟ್ಟಿದವರು ಅಷ್ಟು ದಿನ ಕಾಯುತ್ತಾರೆಂದು ಹೇಳಲಾಗದು. ಈ ಭಾನುವಾರವೇ ಅಂಥ ಒಬ್ಬರ ಮನೆಗೆ ಹೋಗಿ. ಕ್ಯಾಮೆರಾ ಚೀಲದಲ್ಲೇ ಇರಲಿ. ಮೊದಲು ಅವರು ಕೊಟ್ಟ ಕಾಫಿ ಕುಡಿದು, ಅವರು ಮಾತು ಶುರುಮಾಡುವ ತನಕ ಕುಳಿತಿರಿ.